ಬ್ಯಾಂಡ್ ಒಂದು ಲೆಕ್ಕ, ಫೋನ್ ಇನ್ನೊಂದು ಲೆಕ್ಕ: ಹೆಜ್ಜೆ ಎಣಿಕೆಯಲ್ಲಿ ಯಾವುದನ್ನು ನಂಬಬೇಕು?

ಡೊಂಬಿವಲಿ_ಪೂರ್ವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಡಗೈ ಮಣಿಕಟ್ಟಿಗೆ ಸಾಧಾರಣ ಬೆಲೆಯ ಫಿಟ್ನೆಸ್ ಬ್ಯಾಂಡ್, ಪ್ಯಾಂಟಿನ ಮುಂದಿನ ಜೇಬಿನಲ್ಲಿ ಆಂಡ್ರಾಯ್ಡ್ ಫೋನ್. ಎರಡರ ಹೆಜ್ಜೆ ಲೆಕ್ಕ ತಾಳೆಯಾಗುತ್ತಿಲ್ಲ. ಕೆಲಸದ ದಿನ ಬ್ಯಾಂಡ್ 11,000ದ ಹತ್ತಿರ ತೋರಿಸಿದರೆ ಫೋನ್ 8,500ರ ಆಸುಪಾಸು. ಭಾನುವಾರ ಮಾರ್ಕೆಟ್ಟಿಗೆ ಹೋಗಿ ಬಂದರೆ ಉಲ್ಟಾ, ಫೋನೇ ಜಾಸ್ತಿ. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದವರೆಗೆ ಲೋಕಲ್ ಟ್ರೇನ್‌ನಲ್ಲಿ ನಿಂತು ಹೋಗುವಾಗ ಬ್ಯಾಂಡಿನ ಅಂಕಿ ತಾನಾಗಿ ಏರುವುದನ್ನೂ ಕಣ್ಣಾರೆ ನೋಡಬಹುದು. ಆಫೀಸಿನಲ್ಲಿ ದಿನಕ್ಕೆ 10,000 ಹೆಜ್ಜೆಯ ಸ್ಪರ್ಧೆ ಇಟ್ಟಿದ್ದಾರೆ, ಹಾಗಾಗಿ ಯಾವುದು ಖರೆ ಲೆಕ್ಕ ಅಂತ ಗೊತ್ತಾಗಬೇಕು.

ಇನ್ನೊಂದು ವಿಷಯ. ಅಮ್ಮನಿಗೂ ಅದೇ ಮಾಡೆಲ್ ಬ್ಯಾಂಡ್ ಇದೆ. 74 ವಯಸ್ಸು, ಕೋಲು ಹಿಡಿದು ಬಿಲ್ಡಿಂಗಿನ ಪ್ಯಾಸೇಜಿನಲ್ಲೇ ನಿಧಾನ ಓಡಾಡುತ್ತಾರೆ. ಅರ್ಧ ಗಂಟೆ ನಡೆದರೂ ಬ್ಯಾಂಡಿನಲ್ಲಿ ನೂರಿನ್ನೂರು ದಾಟುವುದಿಲ್ಲ. ಬ್ಯಾಂಡ್ ಕೆಟ್ಟಿದೆಯೋ, ಬೇರೆ ತೆಗೆದುಕೊಳ್ಳಬೇಕೋ? ಮನೆಯಲ್ಲೇ ಪರೀಕ್ಷೆ ಮಾಡುವ ಸರಿಯಾದ ಕ್ರಮ ಗೊತ್ತಿದ್ದವರು ದಯವಿಟ್ಟು ಬರೆಯಿರಿ.

---

ಪುಣೆ_ಸೆನ್ಸರ್ ಉತ್ತರ:

ಬ್ಯಾಂಡಿಗೆ ನಿಮ್ಮ ಕಾಲು ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಕೈ ಮಾತ್ರ. ಕೈ ಅಲುಗಿದ ರೀತಿ ನೋಡಿ "ಇದು ನಡಿಗೆಯೇ ಇರಬೇಕು" ಎಂದು ಊಹಿಸುತ್ತದೆ. ನೀವು ಹೇಳಿದ ಅಷ್ಟೂ ವ್ಯತ್ಯಾಸ ಇಲ್ಲಿಂದಲೇ ಹುಟ್ಟುತ್ತದೆ.

ಒಳಗಿರುವುದು ಮೂರು ಅಕ್ಷದ ಆಕ್ಸೆಲೆರೋಮೀಟರ್, ಅಂದರೆ ಮೂರು ದಿಕ್ಕಿನ ಅಲುಗಾಟ ಅಳೆಯುವ ಸೆನ್ಸರ್. ಬಾಷ್ ಕಂಪನಿಯ ಬಿಎಂಎ 423 ಎಂಬ ಚಿಪ್ಪನ್ನೇ ತೆಗೆದುಕೊಳ್ಳಿ: ಎರಡು ಮಿಲಿಮೀಟರ್ ಚೌಕ, ಹೆಜ್ಜೆ ಎಣಿಸುವ ತರ್ಕ ಚಿಪ್ಪಿನೊಳಗೇ ಇದೆ. ಸಿಲಿಕಾನಿನ ಅತಿ ಚಿಕ್ಕ ತುಂಡೊಂದು ಸ್ಪ್ರಿಂಗಿಗೆ ತೂಗುಹಾಕಿದ ಹಾಗೆ ಇರುತ್ತದೆ. ಕೈ ಅಲುಗಿದಾಗ ಆ ತುಂಡು ಸರಿದು, ಪಕ್ಕದ ಪಟ್ಟಿಗಳ ನಡುವಿನ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಸಾಮರ್ಥ್ಯ) ಬದಲಾಗುತ್ತದೆ. ಇದನ್ನು ಸೆಕೆಂಡಿಗೆ 25ರಿಂದ 50 ಸಲ ಓದಿ, ಮೂರೂ ಅಕ್ಷಗಳನ್ನು ಕೂಡಿಸಿ, ಗುರುತ್ವದ ಪಾಲನ್ನು ಕಳೆದು, ಉಳಿದ ಅಲೆಯಲ್ಲಿ ಶಿಖರಗಳನ್ನು ಹುಡುಕುತ್ತದೆ. ಸಾಧಾರಣ ನಡಿಗೆ ನಿಮಿಷಕ್ಕೆ 90ರಿಂದ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಒಂದೂವರೆಯಿಂದ ಎರಡು. ಈ ಲಯದ ಸುತ್ತಮುತ್ತ ಏನು ಬಂದರೂ ಬ್ಯಾಂಡಿಗೆ ಅದು ಹೆಜ್ಜೆಯಂತೆ ಕಾಣುತ್ತದೆ. ತೀರಾ ನಿಧಾನದ್ದನ್ನೂ ತೀರಾ ವೇಗದ್ದನ್ನೂ ಸೋಸಿ ಬಿಸಾಡುತ್ತದೆ.

ಮೇಲೆ ಇನ್ನೊಂದು ಕಾವಲು ಇದೆ. ಒಂದೇ ಲಯದಲ್ಲಿ ಸುಮಾರು ಹತ್ತು ಶಿಖರ ಸಾಲಾಗಿ ಬರುವ ತನಕ ಹೆಚ್ಚಿನ ಬ್ಯಾಂಡುಗಳು ಏನನ್ನೂ ಎಣಿಸುವುದಿಲ್ಲ. ಬಂದ ಮೇಲೆ ಆ ಹತ್ತನ್ನೂ ಒಟ್ಟಿಗೇ ಸೇರಿಸುತ್ತವೆ. ಚಹಾದ ಲೋಟ ಎತ್ತಿದ್ದಕ್ಕೆ, ಬಾಗಿಲು ತೆರೆದಿದ್ದಕ್ಕೆ ಹೆಜ್ಜೆ ಬೀಳಬಾರದೆಂದು ಈ ಏರ್ಪಾಡು. ಇದರ ನಷ್ಟ ಮುಂಬಯಿಯ ಮನೆಗಳಲ್ಲಿ ಜಾಸ್ತಿ. ಒನ್ ಬಿಎಚ್‌ಕೆಯಲ್ಲಿ ಅಡುಗೆಮನೆಯಿಂದ ಹಾಲ್‌ಗೆ ಆರೇಳು ಹೆಜ್ಜೆ, ಅಲ್ಲಿಗೇ ಗೋಡೆ. ದಿನವಿಡೀ ಮನೆಯೊಳಗೆ ಓಡಾಡಿದವರ ಹೆಜ್ಜೆಗಳಲ್ಲಿ ದೊಡ್ಡ ಪಾಲು ಲೆಕ್ಕಕ್ಕೇ ಬರುವುದಿಲ್ಲ.

ಈಗ ಲೋಕಲ್ ಟ್ರೇನ್. ಬೋಗಿ ತನ್ನ ಸ್ಪ್ರಿಂಗಿನ ಮೇಲೆ ಎಡಬಲಕ್ಕೆ, ಮೇಲೆ ಕೆಳಗೆ ತೂಗುವ ಲಯ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು, ಒಂದೂವರೆ. ಮೇಲಿನ ಹ್ಯಾಂಡಲ್ ಹಿಡಿದ ಕೈ ಅದೇ ಲಯದಲ್ಲಿ ತೂಗುತ್ತದೆ. ನಡೆಯುವಾಗಲೂ ಎರಡು ಹೆಜ್ಜೆಗೆ ಒಂದು ಸಲ ಕೈ ಮುಂದೆ ಹೋಗಿ ಹಿಂದೆ ಬರುತ್ತದೆ, ಅದರ ಲಯವೂ ಸೆಕೆಂಡಿಗೆ ಒಂದರ ಹತ್ತಿರವೇ. ಹತ್ತು ಸಲ ಸಮನಾಗಿ ತೂಗಿದರೆ ಸಾಕು, ಬ್ಯಾಂಡ್ ನಂಬಿಬಿಡುತ್ತದೆ. ಜೇಬಿನ ಫೋನ್ ತೊಡೆಗೆ ಒತ್ತಿಕೊಂಡಿರುವುದರಿಂದ ಅಷ್ಟು ತೂಗುವುದಿಲ್ಲ, ಹಾಗಾಗಿ ಸುಳ್ಳು ಹೆಜ್ಜೆ ಕಡಿಮೆ.

ರಸ್ತೆಯಲ್ಲೂ ಇದೇ ಕಥೆ, ಸ್ವಲ್ಪ ಬೇರೆ ಬಗೆಯಲ್ಲಿ. ಪೇವರ್ ಬ್ಲಾಕ್, ಹೊಂಡ ಇವುಗಳ ಕುಲುಕಾಟಕ್ಕೆ ಲಯವಿಲ್ಲ, ಬಹುಪಾಲು ಸೋಸಿ ಹೋಗುತ್ತದೆ. ಆದರೆ ಕಾಂಕ್ರೀಟ್ ರಸ್ತೆಯಲ್ಲಿ ಸಾಮಾನ್ಯವಾಗಿ 4.5 ಮೀಟರಿಗೊಂದು ಜೋಡಣೆ ಇರುತ್ತದೆ. ರಿಕ್ಷಾ ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಂದೇ ಸಮ ಹೋದರೆ ಸೆಕೆಂಡಿಗೆ 8.3 ಮೀಟರ್, ಅಂದರೆ ಸೆಕೆಂಡಿಗೆ 1.85 ಜೋಡಣೆ, ನಿಮಿಷಕ್ಕೆ 111. ಚುರುಕಾಗಿ ನಡೆಯುವ ಮನುಷ್ಯನ ಲಯವೂ ಅದೇ! ಜೋಡಣೆ ಸ್ವಲ್ಪ ಎದ್ದಿದ್ದರೆ ಕೂತಲ್ಲೇ ಹೆಜ್ಜೆ ಬೀಳಲು ಇಷ್ಟು ಸಾಕು.

ಭಾನುವಾರದ ಉಲ್ಟಾ ಲೆಕ್ಕಕ್ಕೆ ಕಾರಣ ಚೀಲ. ಬ್ಯಾಂಡ್ ಇರುವ ಕೈಯಲ್ಲಿ ನಾಲ್ಕೈದು ಕಿಲೋ ತರಕಾರಿ ಹಿಡಿದರೆ ಆ ಕೈ ಬೀಸುವುದಿಲ್ಲ. ಹಿಮ್ಮಡಿ ನೆಲಕ್ಕೆ ತಾಗಿದ ಪೆಟ್ಟು ಸೊಂಟ, ಹೆಗಲು ದಾಟಿ ಮಣಿಕಟ್ಟಿಗೆ ಬರುವಷ್ಟರಲ್ಲಿ ಸಪ್ಪಗಾಗಿರುತ್ತದೆ. ಟ್ರಾಲಿ ತಳ್ಳುವುದು, ಮಗುವಿನ ಗಾಡಿ ತಳ್ಳುವುದು, ಮಳೆಗಾಲದಲ್ಲಿ ಕೊಡೆ ಹಿಡಿಯುವುದು, ಪ್ಯಾಂಟಿನ ಜೇಬಿಗೆ ಕೈ ಹಾಕಿಕೊಂಡು ನಡೆಯುವುದು, ಟ್ರೆಡ್‌ಮಿಲ್ಲಿನ ಕಂಬಿ ಹಿಡಿಯುವುದು, ಎಲ್ಲವೂ ಇದೇ ಗುಂಪು.

ಹಾಗಂತ ಫೋನ್ ಹೇಳಿದ್ದೇ ಖರೆ ಎಂದೂ ಅಲ್ಲ. ಟೇಬಲ್ಲಿನ ಮೇಲೆ ಚಾರ್ಜಿಗಿಟ್ಟು ಪ್ಯಾಂಟ್ರಿಗೆ, ಮೀಟಿಂಗ್ ರೂಮಿಗೆ ಹೋದ ಹೆಜ್ಜೆ ಫೋನಿಗೆ ಗೊತ್ತಿಲ್ಲ. ನಿಮ್ಮ 2,500ರ ವ್ಯತ್ಯಾಸದಲ್ಲಿ ಎಷ್ಟು ಟ್ರೇನಿನ ಸುಳ್ಳು, ಎಷ್ಟು ಟೇಬಲ್ಲಿನ ನಷ್ಟ ಅಂತ ಬೇರೆ ಮಾಡಿ ನೋಡಬೇಕ್ರಿ. ದಿನದ ಮೊತ್ತ ನೋಡಿದರೆ ಅದು ತಿಳಿಯುವುದಿಲ್ಲ. ಒಂದು ಕಡೆ ಬಿಟ್ಟದ್ದು, ಇನ್ನೊಂದು ಕಡೆ ಸುಳ್ಳಾಗಿ ಸೇರಿದ್ದು, ಎರಡೂ ಸೇರಿ ಮೊತ್ತ ಸರಿಯಾಗಿ ಕಂಡರೂ ಒಳಗಿನ ಲೆಕ್ಕ ಪೂರ್ತಿ ಕೆಟ್ಟಿರಬಹುದು.

---

ಐದು_ಗಾರ್ಡನ್ ಉತ್ತರ:

ಪರೀಕ್ಷೆಯ ಕ್ರಮ ಬರೆಯುತ್ತೇನೆ. ಇದಕ್ಕೆ ಬೇಕಾದ ಮುಖ್ಯ ಸಾಮಾನು ಬೆರಳಿಗೆ ಹಾಕುವ ಜಪದ ಕೌಂಟರ್. ಮಾಟುಂಗಾ, ದಾದರ್ ಕಡೆ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ತೀರಾ ಕಡಿಮೆ. ಬಾಯಲ್ಲಿ ಎಣಿಸಲು ಹೋಗಬೇಡಿ. ಮುನ್ನೂರರ ಹತ್ತಿರ ಬಂದಾಗ ಯಾರಾದರೂ "ಏನ್ರೀ, ಆರಾಮಾ?" ಅಂದರೆ ಲೆಕ್ಕ ತಪ್ಪುತ್ತದೆ.

ಕೌಂಟರನ್ನು ಬ್ಯಾಂಡ್ ಇಲ್ಲದ ಕೈಗೆ ಹಾಕಿ. ಬಲಗಾಲು ಊರಿದಾಗ ಮಾತ್ರ ಒಂದು ಸಲ ಒತ್ತಿ. 250 ಒತ್ತಿದರೆ 500 ಹೆಜ್ಜೆ. ಪ್ರತಿ ಹೆಜ್ಜೆಗೂ ಒತ್ತಲು ಹೋದರೆ ವೇಗದ ನಡಿಗೆಯಲ್ಲಿ ಬೆರಳು ಹಿಂದೆ ಬೀಳುತ್ತದೆ. ಹೊರಡುವ ಮುಂಚೆ ಒಂದು ನಿಮಿಷ ಅಲುಗದೆ ನಿಂತು ಬ್ಯಾಂಡಿನ ಅಂಕಿ, ಫೋನಿನ ಅಂಕಿ ಎರಡನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಮುಗಿದ ಮೇಲೂ ಒಂದು ನಿಮಿಷ ನಿಂತು ಆಮೇಲೆ ಓದಿ. ಆಂಡ್ರಾಯ್ಡಿನ ಹೆಜ್ಜೆ ಎಣಿಕೆ ಹತ್ತು ಸೆಕೆಂಡಿನವರೆಗೆ ತಡವಾಗಿ ಬರಬಹುದು. ಖಾತ್ರಿ ಮಾಡಿಕೊಂಡು ಸೇರಿಸುವುದರಿಂದ ಆ ತಡ. ನಿಂತ ತಕ್ಷಣ ಓದಿದರೆ ಕಡಿಮೆ ತೋರಿಸಿತು ಎಂದು ಸುಮ್ಮನೆ ದೂರುವಂತಾಗುತ್ತದೆ. ಫೋನ್ ಓದಲು ಜೇಬಿನಿಂದ ತೆಗೆಯುವಾಗ ಒಂದೆರಡು ಸುಳ್ಳು ಹೆಜ್ಜೆ ಬಿದ್ದರೆ 500ರಲ್ಲಿ ಅದು ಲೆಕ್ಕಕ್ಕಿಲ್ಲ. ನೂರೇ ಹೆಜ್ಜೆಯ ಪರೀಕ್ಷೆ ಬೇಡ ಅನ್ನುವುದು ಇದೇ ಕಾರಣಕ್ಕೆ.

ಒಂದೇ ಬಗೆಯ ನಡಿಗೆಯಲ್ಲಿ ಪರೀಕ್ಷಿಸಿ ನಿಲ್ಲಿಸಿದರೆ ಉಪಯೋಗವಿಲ್ಲ. ಕೈ ಬೀಸಿ ಸಹಜವಾಗಿ ನಡೆದು ಒಂದು, ಬ್ಯಾಂಡ್ ಇರುವ ಕೈಯಲ್ಲಿ ಚೀಲ ಹಿಡಿದು ಒಂದು, ನಿಮಿಷಕ್ಕೆ 70ರ ನಿಧಾನ ನಡಿಗೆಯಲ್ಲಿ ಒಂದು. ನಿಧಾನದ ಲಯಕ್ಕೆ ಫೋನಿನಲ್ಲಿ ಟಿಕ್ ಟಿಕ್ ಎಂದು ಒಂದೇ ಲಯ ಕೊಡುವ ಮೆಟ್ರೋನೋಮ್ ಆಪ್ ಹಾಕಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಿ. ನಾಲ್ಕನೆಯದು ಟ್ರೇನಿನಲ್ಲಿ ನಿಂತು: ಅಲ್ಲಿ ನಿಜವಾದ ಹೆಜ್ಜೆ ಸೊನ್ನೆ, ಬಂದದ್ದೆಲ್ಲ ಸುಳ್ಳು. ದೋಷದ ಲೆಕ್ಕ ಸುಲಭ: ಸಾಧನ ತೋರಿಸಿದ್ದರಲ್ಲಿ ನಿಜವಾದದ್ದನ್ನು ಕಳೆದು, ನಿಜವಾದದ್ದರಿಂದ ಭಾಗಿಸಿ, ನೂರರಿಂದ ಗುಣಿಸಿ. ಅಳತೆಗೋಲು ಬೇಕಿದ್ದರೆ, ಜಪಾನಿನ ಕೈಗಾರಿಕಾ ಮಾನದಂಡ ಪೆಡೋಮೀಟರಿಗೆ (ಹೆಜ್ಜೆ ಎಣಿಸುವ ಯಂತ್ರಕ್ಕೆ) ಕೊಡುವ ರಿಯಾಯಿತಿ ನೂರಕ್ಕೆ ಮೂರು ಹೆಜ್ಜೆ. ಕೈ ಬೀಸಿ ನಡೆದಾಗ ಒಳ್ಳೆಯ ಬ್ಯಾಂಡ್ ಇಷ್ಟರೊಳಗೆ ಬರಬೇಕು.

ಹೆಜ್ಜೆ ಸರಿ ಬಂದರೂ ಕಿಲೋಮೀಟರ್ ಸರಿ ಬರುತ್ತದೆ ಅಂತಿಲ್ಲ, ಅದು ಪ್ರತ್ಯೇಕ ಲೆಕ್ಕ. ಜಿಪಿಎಸ್ ಇಲ್ಲದಾಗ ದೂರ ಅಂದರೆ ಹೆಜ್ಜೆಯ ಸಂಖ್ಯೆ ಗುಣಿಲೆ ಹೆಜ್ಜೆಯ ಉದ್ದ. ಉದ್ದವನ್ನು ಆಪ್ ನಿಮ್ಮ ಎತ್ತರದಿಂದ ಊಹಿಸುತ್ತದೆ. ಸಾಮಾನ್ಯವಾಗಿ ಎತ್ತರದ 0.41ರಷ್ಟು ಹಿಡಿಯುತ್ತಾರೆ, 160 ಸೆಂ.ಮೀ. ಇದ್ದವರಿಗೆ 66 ಸೆಂ.ಮೀ. ನಿಮ್ಮ ನಿಜವಾದ ಉದ್ದ ಅಳೆಯಲು 400 ಮೀಟರ್ ಟ್ರ್ಯಾಕ್ ಬೇಕು. ನೇಪಿಯನ್ ಸೀ ರಸ್ತೆಯ ಪ್ರಿಯದರ್ಶಿನಿ ಪಾರ್ಕಿನಲ್ಲಿ ಇದೆ, ಪುಣೆಯವರಿಗೆ ಸಣಸ್ ಮೈದಾನ ಇದೆ. ಅತ್ಯಂತ ಒಳಗಿನ ಲೇನಿನಲ್ಲೇ ನಡೆಯಬೇಕು, ಎರಡನೇ ಲೇನಿಗೆ ಹೋದರೆ ಸುತ್ತಿಗೆ ಏಳು ಮೀಟರ್ ಜಾಸ್ತಿಯಾಗುತ್ತದೆ. ಎರಡು ಸುತ್ತಿಗೆ 1,230 ಹೆಜ್ಜೆ ಬಂತು ಅನ್ನಿ: 800ನ್ನು 1,230ರಿಂದ ಭಾಗಿಸಿದರೆ 65 ಸೆಂ.ಮೀ. ಆಪಿನಲ್ಲಿ 72 ಅಂತ ಇದ್ದರೆ 10,000 ಹೆಜ್ಜೆಗೆ 6.5 ಕಿ.ಮೀ. ಬದಲು 7.2 ತೋರಿಸುತ್ತದೆ, ಹೆಚ್ಚುಕಡಿಮೆ ನೂರಕ್ಕೆ 11 ಜಾಸ್ತಿ. ಕೆಲವು ಆಪ್‌ಗಳು ಕೇಳುವುದು ಒಂದೇ ಕಾಲು ಮತ್ತೆ ನೆಲಕ್ಕೆ ಬೀಳುವವರೆಗಿನ ಉದ್ದ, ಅಂದರೆ ಎರಡು ಹೆಜ್ಜೆಯದು. ಅಲ್ಲಿ 65 ಹಾಕಿದರೆ ದೂರ ಅರ್ಧವಾಗುತ್ತದೆ, 130 ಹಾಕಬೇಕು.

ಮರೀನ್ ಡ್ರೈವ್ ಗುಂಟ ಅಳೆಯುತ್ತೇನೆ ಅನ್ನುವವರಿಗೆ: ಒಟ್ಟು ಸುಮಾರು 3.6 ಕಿ.ಮೀ. ಇದೆ ನಿಜ, ಆದರೆ ಜನರನ್ನು ತಪ್ಪಿಸಿ ಅಂಕುಡೊಂಕಾಗಿ ನಡೆಯುವುದರಲ್ಲಿ ಅಳತೆ ಕೆಡುತ್ತದೆ. ಟ್ರ್ಯಾಕೇ ಸರಿ.

---

ಮುಲುಂಡ್_ಭಜನೆ ಉತ್ತರ:

ಮೇಲಿನವರು ಟ್ರೇನು, ರಿಕ್ಷಾ ಹೇಳಿದರು. ಮನೆಯೊಳಗಿನದ್ದನ್ನು ಸೇರಿಸುತ್ತೇನೆ ಮಾರಾಯ್ರೇ, ಅದು ಕಡಿಮೆಯೇನಲ್ಲ. ಚಪಾತಿ ಲಟ್ಟಿಸುವುದು, ತೆಂಗಿನಕಾಯಿ ತುರಿಯುವುದು, ಬಟ್ಟೆ ಉಜ್ಜುವುದು, ಮೂರರಲ್ಲೂ ಕೈ ಒಂದೇ ಲಯದಲ್ಲಿ ಹಿಂದೆ ಮುಂದೆ ಹೋಗುತ್ತದೆ. ಭಜನೆಯಲ್ಲಿ ತಾಳ ಹಾಕುವುದು ಎಲ್ಲಕ್ಕಿಂತ ಜಾಸ್ತಿ, ಏಕೆಂದರೆ ಭಜನೆಯ ನಡೆ ತಪ್ಪುವುದೇ ಇಲ್ಲ. ಸಮಗತಿಯಲ್ಲಿ ನಿಮಿಷಕ್ಕೆ ನೂರರ ಹತ್ತಿರ ತಾಳ ಬಿದ್ದರೆ ಅದು ಬ್ಯಾಂಡಿಗೆ ಪಕ್ಕಾ ನಡಿಗೆ. ನವರಾತ್ರಿಯ ದಾಂಡಿಯಾದಲ್ಲಿ ಕಾಲೂ ನಡೆಯುವುದರಿಂದ ಅದನ್ನು ಅಷ್ಟು ಸುಳ್ಳು ಅನ್ನುವಂತಿಲ್ಲ. ಮೆರವಣಿಗೆಯಲ್ಲಿ ಢೋಲು ಬಾರಿಸುವ ಪುಣೆಯ ಢೋಲ್ ಪಥಕದವರದ್ದು ಮಾತ್ರ ಬ್ಯಾಂಡಿನ ಲೆಕ್ಕಕ್ಕೂ ಕಾಲಿನ ಲೆಕ್ಕಕ್ಕೂ ಸಂಬಂಧವೇ ಇರುವುದಿಲ್ಲ.

ಉಪಾಯ ಸರಳ. ಬಲಗೈಯವರು ಎಡಗೈಗೇ ಕಟ್ಟಬೇಕು. ಲಟ್ಟಣಿಗೆಗೆ ಎರಡೂ ಕೈ ಬೇಕು, ಆದರೆ ತುರಿಯುವುದಕ್ಕೆ, ಹೆಚ್ಚುವುದಕ್ಕೆ, ಗುಡಿಸುವುದಕ್ಕೆ ಮುಖ್ಯವಾಗಿ ಬಲಗೈ. ಕೆಲವು ಬ್ಯಾಂಡ್‌ಗಳ ಆಪಿನಲ್ಲಿ ಕಟ್ಟಿದ ಕೈ ಹೆಚ್ಚು ಬಳಸುವ ಕೈಯೋ ಅಲ್ಲವೋ ಎಂದು ಆರಿಸುವ ಜಾಗ ಇರುತ್ತದೆ. ಹೆಚ್ಚು ಬಳಸುವ ಕೈ ಎಂದು ಆರಿಸಿದರೆ ಬ್ಯಾಂಡ್ ಸಣ್ಣ ಅಲುಗಾಟವನ್ನು ನಂಬುವುದು ಕಡಿಮೆ ಮಾಡುತ್ತದೆ. ಎಡಗೈಗೆ ಕಟ್ಟಿ ಸೆಟ್ಟಿಂಗಿನಲ್ಲಿ ಹೆಚ್ಚು ಬಳಸುವ ಕೈ ಎಂದಿಟ್ಟರೆ ನಿಜವಾದ ಹೆಜ್ಜೆಗಳೂ ಬಿಟ್ಟುಹೋಗಬಹುದು, ಒಮ್ಮೆ ತೆರೆದು ನೋಡಿ. ಪಟ್ಟಿ ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳಗಲ ಮೇಲಿರಲಿ, ಕೈ ಬೀಸಿದಾಗ ಜಾರಬಾರದು. ಬೆವರಿಗೆ ಅಂತ ಸಡಿಲ ಬಿಟ್ಟರೆ ಬ್ಯಾಂಡ್ ತನ್ನಷ್ಟಕ್ಕೆ ತಾನು ಕುಣಿದು ಲಯ ಕೆಡಿಸುತ್ತದೆ.

---

ಠಾಣೆ_ಫಿಸಿಯೋ ಉತ್ತರ:

ಅಮ್ಮನವರ ವಿಷಯಕ್ಕೆ ಬರುತ್ತೇನೆ. ಬ್ಯಾಂಡ್ ಕೆಟ್ಟಿಲ್ಲ. ಅದನ್ನು ತಯಾರಿಸಿರುವುದೇ ಇವರಂಥ ನಡಿಗೆಗೆ ಅಲ್ಲ.

ಗಂಟೆಗೆ 3 ಕಿ.ಮೀ.ಗಿಂತ ನಿಧಾನವಾದ ನಡಿಗೆಯಲ್ಲಿ ಮಣಿಕಟ್ಟಿನ ಬ್ಯಾಂಡ್‌ಗಳು ಹೆಜ್ಜೆ ಬಿಡತೊಡಗುತ್ತವೆ. ವೇಗ ಕಡಿಮೆಯಾದಷ್ಟೂ ನಷ್ಟ ಜಾಸ್ತಿ. ನಿಧಾನ ನಡಿಗೆಯಲ್ಲಿ ಹಿಮ್ಮಡಿಯ ಪೆಟ್ಟು ಹಗುರ, ಕೈ ಬೀಸುವುದೂ ಚಿಕ್ಕದು. ಕಾಲು ಎಳೆದು ನಡೆಯುವವರಲ್ಲಿ, ಪಾರ್ಕಿನ್ಸನ್ ಇರುವವರಲ್ಲಿ, ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರಲ್ಲಿ ಲಯವೂ ಸಮ ಇರುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಹತ್ತು ಶಿಖರದ ಕಾವಲನ್ನು ದಾಟುವುದೇ ಕಷ್ಟ. ಕೋಲು ಹಿಡಿದ ಕೈಗೆ ಕಟ್ಟಿದರೆ ಕೈ ನೆಲಕ್ಕೆ ಊರಿಕೊಂಡೇ ಇರುತ್ತದೆ. ವಾಕರ್ ಹಿಡಿದವರಿಗಂತೂ ಎರಡೂ ಕೈ ಕಂಬಿಯ ಮೇಲೆ.

ಮೊದಲು ಕೋಲಿಲ್ಲದ ಕೈಗೆ ಕಟ್ಟಿ ನೋಡಿ. ಅಷ್ಟಕ್ಕೂ ಬರದಿದ್ದರೆ ಕಣಕಾಲಿಗೆ ಕಟ್ಟಬೇಕು. ಹೊರಮೈಯಲ್ಲಿ, ಕಣಕಾಲಿನ ಗಂಟಿಗಿಂತ ಎರಡು ಬೆರಳು ಮೇಲೆ, ತೆಳುವಾದ ಕಾಲುಚೀಲದ ಮೇಲೆ. ಬ್ಯಾಂಡಿನ ಪಟ್ಟಿ ಸಾಲದಿದ್ದರೆ ಉದ್ದದ ಪಟ್ಟಿ ಬೇರೆ ಸಿಗುತ್ತದೆ, ವೆಲ್ಕ್ರೋ ಪಟ್ಟಿಯಾದರೆ ವಯಸ್ಸಾದವರಿಗೆ ಬಿಚ್ಚಿ ಕಟ್ಟುವುದು ಸುಲಭ. ಬಿಗಿ ಬೇಡ. ಸಕ್ಕರೆ ಕಾಯಿಲೆ ಇದ್ದರೆ, ಕಾಲು ಬಾವು ಬರುತ್ತಿದ್ದರೆ, ಸಂಜೆ ಬಿಚ್ಚಿದಾಗ ಚರ್ಮದ ಮೇಲೆ ಗೆರೆ ಉಳಿದಿದೆಯೇ ಎಂದು ದಿನಾ ನೋಡಬೇಕು. ಗೆರೆ ಕಂಡರೆ ಕಣಕಾಲಿಗೆ ಕಟ್ಟುವುದನ್ನು ನಿಲ್ಲಿಸಿ. ಕಣಕಾಲಿನಲ್ಲಿ ನಾಡಿಬಡಿತದ ಅಂಕಿಯನ್ನು ನಂಬಬಾರದು, ಆ ಸೆನ್ಸರನ್ನು ಆಪಿನಲ್ಲಿ ಬಂದ್ ಮಾಡಿಡಿ. ಕೆಲವು ಬ್ಯಾಂಡ್‌ಗಳು ಕಣಕಾಲಿನಲ್ಲಿ ಅರ್ಧ ಅಥವಾ ದುಪ್ಪಟ್ಟು ಎಣಿಸುವುದುಂಟು, ಆದ್ದರಿಂದ ನೀವೇ ಜೊತೆಯಲ್ಲಿ ನಡೆದು 200 ಹೆಜ್ಜೆ ಎಣಿಸಿ ತಾಳೆ ನೋಡಿ.

10,000ದ ಬಗ್ಗೆಯೂ ಹೇಳಬೇಕು, ಏಕೆಂದರೆ ಈ ಅಂಕಿ ಹಿಡಿದು ವಯಸ್ಸಾದವರು ಸುಮ್ಮನೆ ಬೇಸರ ಮಾಡಿಕೊಳ್ಳುತ್ತಾರೆ. ಅದು ವೈದ್ಯರು ಅಳೆದು ಕೊಟ್ಟ ಪ್ರಮಾಣ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಮಾರುಕಟ್ಟೆಗೆ ತಂದ ಪೆಡೋಮೀಟರಿನ ಹೆಸರಿನಲ್ಲೇ ಹತ್ತು ಸಾವಿರ ಹೆಜ್ಜೆ ಇತ್ತು, ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 2,700ರಷ್ಟು ನಡೆಯುವವರಿಗಿಂತ 4,400ರಷ್ಟು ನಡೆಯುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. 7,500ರ ಹತ್ತಿರ ಆ ಲಾಭ ಸಮತಟ್ಟಾಯಿತು. ಗಮನಿಸಬೇಕಾದ್ದು, ಆ ಮಹಿಳೆಯರು ಸೆನ್ಸರ್ ಕಟ್ಟಿಕೊಂಡದ್ದು ಸೊಂಟಕ್ಕೆ. ನಿಮ್ಮ ಮಣಿಕಟ್ಟಿನ 7,500 ಮತ್ತು ಆ ಸೊಂಟದ 7,500 ಒಂದೇ ಅಲ್ಲ.

ಅಮ್ಮನವರಿಗೆ ಹೆಜ್ಜೆಗಿಂತ ನಡೆದ ನಿಮಿಷ ಲೆಕ್ಕ ಇಡುವುದು ಒಳ್ಳೆಯದು. ಪ್ಯಾಸೇಜಿನ ಉದ್ದ ಟೇಪಿನಲ್ಲಿ ಅಳೆದು, ಎಷ್ಟು ಸಲ ಹೋಗಿ ಬಂದರು ಎಂದು ಅವರೇ ಬರೆದಿಟ್ಟರೆ ಯಾವ ಬ್ಯಾಂಡಿಗಿಂತಲೂ ಖಾತ್ರಿ. ನಿಮಗಾದರೆ ನಿಮಿಷಕ್ಕೆ 100 ಹೆಜ್ಜೆಯ ನಡಿಗೆ ಎಷ್ಟು ಹೊತ್ತು ನಡೆಯಿತು ಎಂಬುದು ನೋಡಬೇಕಾದ ಅಂಕಿ. ಅದು ಮಧ್ಯಮ ಶ್ರಮದ ನಡಿಗೆಯ ಸರಳ ಗುರುತು.

---

ಡೊಂಬಿವಲಿ_ಪೂರ್ವ ಮತ್ತೆ:

ಎಲ್ಲರಿಗೂ ಧನ್ಯವಾದ. ಐದು_ಗಾರ್ಡನ್ ಅವರು ಹೇಳಿದ ಕ್ರಮದಲ್ಲೇ 500 ಹೆಜ್ಜೆ ಎಣಿಸಿದಾಗ ಬಂದ ಅಂಕಿ ಇದು. ಕೈ ಬೀಸಿ: ಬ್ಯಾಂಡ್ 494, ಫೋನ್ 503. ಎಡಗೈಯಲ್ಲಿ ಚೀಲ: ಬ್ಯಾಂಡ್ 352, ಫೋನ್ 498. ನಿಮಿಷಕ್ಕೆ 70ರ ನಡಿಗೆ: ಬ್ಯಾಂಡ್ 417, ಫೋನ್ 462. ಠಾಣೆವರೆಗೆ ಇಪ್ಪತ್ತು ನಿಮಿಷ ಎಡಗೈಯಲ್ಲಿ ಹ್ಯಾಂಡಲ್ ಹಿಡಿದು ನಿಂತಾಗ ಬ್ಯಾಂಡಿನಲ್ಲಿ 180, ಫೋನಿನಲ್ಲಿ 12. ಅಮ್ಮನ 200 ಹೆಜ್ಜೆಗೆ ಮಣಿಕಟ್ಟಿನಲ್ಲಿ 31, ಕಣಕಾಲಿನಲ್ಲಿ 193.

ಇನ್ನೊಂದು ಹೊಸ ಗೊಂದಲ. ಆಫೀಸಿನ ಸ್ಪರ್ಧೆಯ ಆಪಿನಲ್ಲಿ ಕೆಲವು ದಿನ 16,000, 17,000 ಬರುತ್ತಿದೆ. ಬ್ಯಾಂಡಿನಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ, ಇದೆಲ್ಲಿಂದ ಬಂತು?

---

ಪುಣೆ_ಸೆನ್ಸರ್ ಉತ್ತರ:

ನಿಮ್ಮ ಬ್ಯಾಂಡ್ ಒಳ್ಳೆಯದೇ ಇದೆ. ಕೈ ಬೀಸಿದಾಗ ದೋಷ ನೂರಕ್ಕೆ 1.2, ಜಪಾನಿನ ಮೂರರ ಒಳಗೇ ಬಂತು. ಚೀಲ ಹಿಡಿದಾಗ ನೂರಕ್ಕೆ 30ರಷ್ಟು ಕಡಿಮೆ, ಅದು ಬ್ಯಾಂಡಿನ ತಪ್ಪಲ್ಲ, ಚೀಲ ಬಲಗೈಗೆ ಹೋದರೆ ಸಾಕು. ಟ್ರೇನಿನ ಲೆಕ್ಕ ನೋಡಿ: ಇಪ್ಪತ್ತು ನಿಮಿಷಕ್ಕೆ 180, ಅಂದರೆ ನಿಮಿಷಕ್ಕೆ 9. ಹೋಗಿ ಬರುವುದು ಸೇರಿ 140 ನಿಮಿಷ ನಿಂತರೆ 1,260 ಸುಳ್ಳು ಹೆಜ್ಜೆ. ನಿಮ್ಮ 2,500ರ ವ್ಯತ್ಯಾಸದಲ್ಲಿ ಅರ್ಧ ಇಲ್ಲೇ ಸಿಕ್ಕಿತು. ಉಳಿದರ್ಧದ ಬಹುಪಾಲು ಫೋನ್ ಟೇಬಲ್ಲಿನ ಮೇಲಿದ್ದಾಗ ನಡೆದ ನಿಜವಾದ ಹೆಜ್ಜೆ ಇರಬೇಕು. ಟ್ರೇನಿನಲ್ಲಿ ಬಲಗೈಯಲ್ಲಿ ಹ್ಯಾಂಡಲ್ ಹಿಡಿದು ಎಡಗೈಯನ್ನು ಎದೆ ಮೇಲಿನ ಬ್ಯಾಗಿನ ಪಟ್ಟಿಗೆ ಇಟ್ಟುಕೊಳ್ಳಿ. ಸುಳ್ಳು ಬಹಳಷ್ಟು ಇಳಿಯುತ್ತದೆ.

16,000ದ ಮೂಲ: ಆಪ್ ಎರಡೂ ಮೂಲಗಳನ್ನು ಕೂಡಿಸುತ್ತಿದೆ. ಆಂಡ್ರಾಯ್ಡಿನಲ್ಲಿ ಹೆಲ್ತ್ ಕನೆಕ್ಟ್ ಎಂಬ ಜಾಗದಲ್ಲಿ ಬ್ಯಾಂಡಿನ ಆಪೂ ಹೆಜ್ಜೆ ಬರೆಯುತ್ತದೆ, ಫೋನಿನದ್ದೂ ಬರೆಯುತ್ತದೆ. ಓದುವ ಆಪ್ ಒಂದೇ ಹೊತ್ತಿನ ಎರಡು ದಾಖಲೆಗಳನ್ನು ಒಂದರ ಮೇಲೊಂದು ಬಂದವು ಎಂದು ಗುರುತಿಸದೆ ಕೂಡಿಸಿದರೆ ಹೀಗಾಗುತ್ತದೆ. ಎರಡೂ ಪೂರ್ತಿ ಕೂಡಿದರೆ 19,500 ಆಗಬೇಕಿತ್ತು. ಅಷ್ಟಾಗಿಲ್ಲ ಅಂದರೆ ಎರಡರಲ್ಲಿ ಒಂದು, ದಿನದ ಒಂದು ಭಾಗಕ್ಕೆ ಮಾತ್ರ ಸಿಂಕ್ ಆಗಿರಬೇಕು. ಹೆಲ್ತ್ ಕನೆಕ್ಟಿನಲ್ಲಿ ಮೂಲಗಳ ಆದ್ಯತೆ ಎಂಬಲ್ಲಿ ಬ್ಯಾಂಡನ್ನು ಮೇಲಿಡಿ. ಆಮೇಲೂ ಸರಿಹೋಗದಿದ್ದರೆ ಫೋನಿನ ಆಪಿಗೆ ಹೆಜ್ಜೆ ಬರೆಯುವ ಅನುಮತಿಯನ್ನೇ ತೆಗೆದುಬಿಡಿ. ಐಫೋನಿನವರು ಹೆಲ್ತ್ ಆಪಿನ ಹೆಜ್ಜೆಯ ಪುಟದಲ್ಲಿ ಕೆಳಗೆ ಹೋಗಿ ಮೂಲಗಳ ಅನುಕ್ರಮ ಬದಲಿಸಬಹುದು.

ಇದರ ಜೊತೆ, ಆಂಡ್ರಾಯ್ಡ್ ಫೋನಿನೊಳಗಿನ ಎಣಿಕೆ ರೀಸ್ಟಾರ್ಟ್ ಮಾಡಿದರೆ ಸೊನ್ನೆಗೆ ಬರುತ್ತದೆ. ಹಳೆಯದನ್ನು ನೆನಪಿಡುವುದು ಆಪಿನ ಕೆಲಸ. ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಆ ಆಪನ್ನು ಹಿನ್ನೆಲೆಯಲ್ಲಿ ಕೊಂದಿದ್ದರೆ ಕೆಲವು ಗಂಟೆಯ ಹೆಜ್ಜೆ ಮಾಯ. ಆಪಿಗೆ ಬ್ಯಾಟರಿ ನಿರ್ಬಂಧ ತೆಗೆದು, ದೈಹಿಕ ಚಟುವಟಿಕೆಯ ಅನುಮತಿ ಇದೆಯೇ ನೋಡಿ.

---

ಟೇಕಡಿ_ನಡಿಗೆ ಉತ್ತರ:

ಬೆಟ್ಟ, ಮೆಟ್ಟಿಲು ಹತ್ತುವವರಿಗೆ ಒಂದು ಸೇರಿಕೆ. ಮಹಡಿ ಎಣಿಸುವುದು ಆಕ್ಸೆಲೆರೋಮೀಟರಲ್ಲ, ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಸುಮಾರು ಎಂಟೂವರೆ ಮೀಟರ್ ಏರಿದರೆ ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ (ಒತ್ತಡದ ಅಳತೆ) ಇಳಿಯುತ್ತದೆ. ಮೂರು ಮೀಟರ್ ಏರುವುದು, ಅದೇ ಹೊತ್ತಿಗೆ ಹೆಜ್ಜೆ ಬೀಳುವುದು, ಎರಡೂ ಸೇರಿದರೆ ಒಂದು ಮಹಡಿ. ಲಿಫ್ಟಿನಲ್ಲಿ ಹೋದರೆ ಎಣಿಸದಿರುವುದು ಹೆಜ್ಜೆ ಇಲ್ಲದ ಕಾರಣಕ್ಕೆ. ಬಿಲ್ಡಿಂಗಿನ ಮಹಡಿ 2.8 ಮೀಟರ್ ಇದ್ದರೆ ಹತ್ತು ಹತ್ತಿದಾಗ ಒಂಬತ್ತು ತೋರಿಸುತ್ತದೆ, ಅದು ಸರಿಯಾದ ಲೆಕ್ಕವೇ. ಮಳೆಗಾಲದಲ್ಲಿ ಸೆನ್ಸರಿನ ಸಣ್ಣ ತೂತಿಗೆ ನೀರು, ಬೆವರು, ಸಾಬೂನು ಕೂತರೆ ಮಹಡಿ ಎಣಿಸುವುದು ನಿಲ್ಲುತ್ತದೆ ಅಥವಾ ಸಿಕ್ಕಾಪಟ್ಟೆ ಏರುತ್ತದೆ. ಸಿಹಿನೀರಿನಲ್ಲಿ ತೊಳೆದು ಒಣಗಲು ಬಿಡಿ. ಪಿನ್ನು, ಸೂಜಿ ಹಾಕಬೇಡಿ, ಒಳಗಿನ ಪೊರೆ ಹರಿಯುತ್ತದೆ.

ಪುಣೆಯ ಪರ್ವತಿ ಬೆಟ್ಟದ 103 ಮೆಟ್ಟಿಲನ್ನು ಹೆಜ್ಜೆ ಪರೀಕ್ಷೆಗೆ ಬಳಸುವವರು ಇದ್ದಾರೆ. ಅಲ್ಲಿನ ಮೆಟ್ಟಿಲುಗಳು ಅಗಲ, ಒಂದೊಂದು ಮೆಟ್ಟಿಲಿಗೆ ಎರಡು ಮೂರು ಹೆಜ್ಜೆ ಬೀಳುತ್ತವೆ, 103 ಎಂದು ಹಿಡಿದರೆ ತಾಳೆಯಾಗುವುದಿಲ್ಲ. ಪುಣೆಯದೇ ವೇತಾಳ ಟೇಕಡಿಯ (ಗುಡ್ಡದ) ಇಳಿಜಾರಿನಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ಆದ್ದರಿಂದ ಹೆಜ್ಜೆಯ ಎಣಿಕೆ ಸರಿ ಇದ್ದರೂ ಕಿಲೋಮೀಟರ್ ಜಾಸ್ತಿ ಬರುತ್ತದೆ. ಅಲ್ಲಿ ಜಿಪಿಎಸ್ ಹಾಕಿಯೇ ನಡೆಯಬೇಕು.

---

ಮಡಗಾಂವ್_ಮರಳು ಉತ್ತರ:

ಗೋವಾದ ಬೀಚಿನಲ್ಲಿ ನಡೆಯುವವರಿಗೂ ಕಿಲೋಮೀಟರಿನ ಈ ತೊಂದರೆಯೇ. ಸಡಿಲ ಮರಳಿನಲ್ಲಿ ಹಿಮ್ಮಡಿಯ ಪೆಟ್ಟು ಮಣಿಕಟ್ಟಿನವರೆಗೆ ಬರುವುದಿಲ್ಲ, ಕೈ ಬೀಸುವುದರಿಂದ ಎಣಿಕೆ ನಡೆಯುತ್ತದೆ. ಚಪ್ಪಲಿ ಬಿಚ್ಚಿ ಬ್ಯಾಂಡಿನ ಕೈಯಲ್ಲಿ ಹಿಡಿದರೆ ಕೈ ಬೀಸುವುದು ಕಮ್ಮಿಯಾಗಿ ಎಣಿಕೆಯೂ ಬೀಳುತ್ತದೆ. ಇನ್ನೊಂದು ಕೈಗೆ ಬದಲಾಯಿಸಿ. ನೀರಿನ ಅಂಚಿನ ಗಟ್ಟಿ ಮರಳಿನಲ್ಲಿ ಹೆಜ್ಜೆಯ ಉದ್ದ ರಸ್ತೆಯದ್ದಕ್ಕೆ ಹತ್ತಿರ ಬರುತ್ತದೆ, ಅಳತೆ ಮುಖ್ಯ ಇದ್ದವರು ಅಲ್ಲೇ ನಡೆಯುವುದು ಒಳ್ಳೆಯದು.

---

ಠಾಣೆ_ಫಿಸಿಯೋ ಉತ್ತರ:

ಅಮ್ಮನವರ ಕಣಕಾಲಿನ 193 ಬಹಳ ಒಳ್ಳೆಯ ಅಂಕಿ, ಹಾಗೇ ಮುಂದುವರಿಸಿ. ಆದರೆ ಈ ಹಿಂದಿನ ಮಣಿಕಟ್ಟಿನ ಅಂಕಿಗಳ ಜೊತೆ ಇದನ್ನು ಹೋಲಿಸಬೇಡಿ. ಆಪಿನಲ್ಲಿ ಈ ವಾರದಿಂದ ಗ್ರಾಫ್ ಒಮ್ಮೆಲೇ ಆರು ಪಟ್ಟು ಏರಿದಂತೆ ಕಾಣುತ್ತದೆ. ಡಾಕ್ಟರಿಗೆ ತೋರಿಸುವಾಗ ಯಾವ ತಾರೀಖಿನಿಂದ ಕಣಕಾಲಿಗೆ ಬದಲಾಯಿಸಿದಿರಿ ಎಂದು ಬರೆದು ಕೊಡಿ, ಇಲ್ಲದಿದ್ದರೆ ಅವರು ನಡಿಗೆಯೇ ಸುಧಾರಿಸಿತು ಎಂದು ತಿಳಿದಾರು. ಬ್ಯಾಂಡ್ ಯಾವ ಕಾಲಿಗೆ ಎಂಬುದೂ ಬದಲಾಗದಿರಲಿ. ಮಂಡಿ ನೋವಿರುವ ಕಾಲು ಕಡಿಮೆ ಎತ್ತುತ್ತದೆ, ಆದ್ದರಿಂದ ನೋವಿಲ್ಲದ ಕಾಲಿಗೇ ಕಟ್ಟಿ.